ಪತ್ರಗಳಲ್ಲಿ ಚರ್ಚಿಲ್: ಬೆಂಗಳೂರಿನ ದಂಡಿನಿಂದ ಪ್ರಧಾನಿಪಟ್ಟದವರೆಗೆ

ರಾಜಕಾರಣಿಯ ಭಾಷಣ ಸಭೆಗೆ ಸಲ್ಲುವಂಥದು. ಆತ್ಮಕಥೆ ಮುಂದಿನ ತಲೆಮಾರಿಗೆ. ಖಾಸಗಿ ಪತ್ರ ಮಾತ್ರ ಒಬ್ಬರನ್ನೇ ಎದುರಿಗಿರಿಸಿಕೊಂಡ ಬರಹ. ಬೇರೆ ಆಕರಗಳಲ್ಲಿ ಮರೆಯಾಗುವ ವ್ಯಕ್ತಿತ್ವದ ಮಗ್ಗುಲು ಅಲ್ಲಿ ಕಾಣಸಿಗುತ್ತದೆ. ಇದಕ್ಕೆ ವಿನ್‌ಸ್ಟನ್ ಚರ್ಚಿಲ್‌ನ ಪತ್ರಗಳು ನಿದರ್ಶನವಾಗಿದ್ದು, ಅವುಗಳ ಮೊದಲ ಘಟ್ಟ ಕರ್ನಾಟಕದ ನೆಲಕ್ಕೂ ಸಂಬಂಧಿಸಿದೆ.

1896ರ ಅಕ್ಟೋಬರಿನಲ್ಲಿ ನಾಲ್ಕನೆಯ ಹುಸಾರ್ ಅಶ್ವದಳದ ಕಿರಿಯ ಅಧಿಕಾರಿಯಾಗಿ ಬೆಂಗಳೂರಿನ ದಂಡುಪ್ರದೇಶಕ್ಕೆ ಬಂದಾಗ ಚರ್ಚಿಲ್‌ಗೆ 21 ವರ್ಷ. ನವೆಂಬರಿನಲ್ಲಿ ಪೋಲೋ ಪಂದ್ಯಕ್ಕೆಂದು ಸಿಕಂದರಾಬಾದಿಗೆ ಹೋದವನು ಅಲ್ಲಿ ಹೈದರಾಬಾದಿನ ರೆಸಿಡೆಂಟನ ಮಗಳು ಪಮೇಲಾ ಪ್ಲೌಡೆನ್‌ಳನ್ನು ಕಂಡನು. ತಾನು ಕಂಡವರಲ್ಲಿ ಈಕೆಯೇ ಅತ್ಯಂತ ಚೆಲುವೆಯೆಂದು ಕೂಡಲೇ ತಾಯಿಗೆ ಬರೆದನು. ಅವನಿಗೆ ಪ್ರೀತಿಸಲು ಬಾರದೆಂದು ಪಮೇಲಾ ಆಕ್ಷೇಪಿಸಿದಾಗ, 1898ರ ನವೆಂಬರಿನ ಪತ್ರದಲ್ಲಿ ಅದನ್ನು ಅಲ್ಲಗಳೆದು ತನ್ನ ನಿಷ್ಠೆಯನ್ನು ಸಾರಿದನು. ಇಲ್ಲಿ ಪ್ರೇಮಿಗಿಂತ ವಾದಪಟುವೇ ಮುಂದೆ ನಿಂತಿದ್ದಾನೆ. 1902ರಲ್ಲಿ ಆಕೆ ಲಿಟ್ಟನ್ ಪ್ರಭುವನ್ನು ವರಿಸಿದಳು. ಸ್ನೇಹ ಮಾತ್ರ ಉಳಿಯಿತು.

1908ರಲ್ಲಿ ಕ್ಲೆಮೆಂಟೈನ್ ಹೋಜಿಯರ್‌ಳೊಡನೆ ವಿವಾಹವಾದ ಮೇಲೆ ಪತ್ರಗಳ ಧಾಟಿ ಬದಲಾಗುತ್ತದೆ. ಪರಸ್ಪರ ಮುದ್ದಿನ ಹೆಸರುಗಳು, ಸಹಿಯ ಬಳಿ ಬೆಕ್ಕು, ಹಂದಿಗಳ ರೇಖಾಚಿತ್ರಗಳು ಕಾಣಿಸಿಕೊಳ್ಳುತ್ತವೆ. ಡಾರ್ಡನೆಲ್ಸ್ ಸೋಲಿನಿಂದ ಅಧಿಕಾರ ಕಳೆದುಕೊಂಡಿದ್ದ ಚರ್ಚಿಲ್, ತಾನು ಸತ್ತರೆ ತೆರೆಯಬೇಕೆಂದು 1915ರ ಜುಲೈನಲ್ಲಿ ಬರೆದಿಟ್ಟ ಪತ್ರದಲ್ಲಿ, ಹೆಚ್ಚು ಶೋಕಿಸಬೇಡವೆಂದು ಹೆಂಡತಿಯನ್ನು ಕೇಳಿಕೊಳ್ಳುತ್ತಾನೆ. ಹೆಣ್ಣಿನ ಹೃದಯದ ಹಿರಿಮೆಯನ್ನು ಅವಳಿಂದ ಅರಿತೆನೆನ್ನುತ್ತಾನೆ. ಹಿಂದಿನ ವಾದದ ಜಾಗದಲ್ಲಿ ಈಗ ಋಣದ ಅರಿವಿದೆ.

ಈ ದಾಂಪತ್ಯದ ನಿಜವಾದ ಒರೆಗಲ್ಲು 1940ರ ಜೂನ್ 27ರಂದು ಕ್ಲೆಮೆಂಟೈನ್ ಬರೆದ ಪತ್ರ. ಫ್ರಾನ್ಸ್ ಪತನಗೊಂಡು ಒಂದು ವಾರವೂ ಆಗಿರಲಿಲ್ಲ. ಪ್ರಧಾನಿಯಾದ ಗಂಡನ ಒರಟುತನ ಹಾಗೂ ವ್ಯಂಗ್ಯದಿಂದ ಸಹೋದ್ಯೋಗಿಗಳು ದೂರವಾಗುತ್ತಿದ್ದಾರೆಂದು ಅವಳು ಎಚ್ಚರಿಸುತ್ತಾಳೆ. ಮೊದಲು ಬರೆದುದನ್ನು ಹರಿದುಹಾಕಿ ಮತ್ತೆ ಬರೆದಳೆಂಬುದೂ ಆ ಪತ್ರದಿಂದಲೇ ತಿಳಿಯುತ್ತದೆ. ಅಧಿಕಾರಕ್ಕೆ ಅಪ್ರಿಯ ಸತ್ಯವನ್ನು ಹೇಳುವ ಸಲಿಗೆಯೇ ಇಲ್ಲಿ ಪ್ರೇಮದ ರೂಪವಾಗಿದೆ.

ಆದರೆ ಈ ಆರ್ದ್ರತೆಯನ್ನು ರಾಜಕೀಯ ತೀರ್ಮಾನಗಳಿಗೆ ಸಮರ್ಥನೆಯಾಗಿ ಬಳಸಲಾಗದು. 1943ರ ಬಂಗಾಳದ ಕ್ಷಾಮದಲ್ಲಿ ಸುಮಾರು 30 ಲಕ್ಷ ಜನ ಅಳಿದರೆಂಬ ಅಂದಾಜಿದೆ; ಧಾನ್ಯಕ್ಕಾಗಿ ಭಾರತದಿಂದ ಹೋದ ಕೋರಿಕೆಗಳಿಗೆ ಅವನ ಸಂಪುಟ ತಕ್ಕಷ್ಟು ಸ್ಪಂದಿಸಲಿಲ್ಲ. ಮನೆಯವರ ನೋವಿಗೆ ಮಿಡಿದ ಮನಸ್ಸು ಆಳಿಸಿಕೊಂಡವರ ಹಸಿವಿಗೆ ಮಿಡಿಯದೆ ಹೋದುದೂ ಚರಿತ್ರೆಯೇ. ಪತ್ರಗಳು ಚರ್ಚಿಲ್‌ನನ್ನು ದೋಷಮುಕ್ತಗೊಳಿಸುವುದಿಲ್ಲ; ಅವನ ಅನುಕಂಪದ ಎಲ್ಲೆ ಎಲ್ಲಿತ್ತೆಂಬುದನ್ನು ಮತ್ತಷ್ಟು ಸ್ಪಷ್ಟಗೊಳಿಸುತ್ತವೆ. ಖಾಸಗಿ ಪತ್ರಗಳ ಅಧ್ಯಯನಕ್ಕೆ ಬೆಲೆ ಬರುವುದು ಈ ಎರಡನ್ನೂ ಒಟ್ಟಿಗಿಟ್ಟು ಓದಿದಾಗ.