ಪ್ರಸಂಗಪೀಠಕ್ಕೆ ಮೊದಲು ಮನೆಯ ಮೆಟ್ಟಿಲು

ಈಶ್ವರಮಂಗಲ
ಆಟಿ ತಿಂಗಳು

ಕರ್ತನಲ್ಲಿ ಪ್ರಿಯನಾದ ಮೊಮ್ಮಗನಿಗೆ,

ಇಲ್ಲಿ ನಾಲ್ಕು ದಿನದಿಂದ ಬಿಡದೆ ಮಳೆ. ಅಡಿಕೆಗೆ ಎರಡನೇ ಸಲದ ಮದ್ದು ಬಿಡಲು ಬಂದವರು ಚಾವಡಿಯಲ್ಲಿ ಕೂತು, ಚಾ ಕುಡಿದು, ಮೋಡ ನೋಡಿ ಹಿಂದೆ ಹೋದರು. ಅಷ್ಟರಲ್ಲಿ ನಿನ್ನ ಅಮ್ಮನ ಫೋನು ಬಂತು. ಡಿಗ್ರಿ ಮುಗಿಸಿ ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಲಾಜಿಕಲ್ ಕಾಲೇಜಿಗೆ ಸೇರುತ್ತೇನೆ, ಸಭಾಪಾಲಕನಾಗುತ್ತೇನೆ ಎಂದಿದ್ದೀಯಂತೆ. ಅವಳಿಗೆ ಸಂಬಳದ ಚಿಂತೆ, ವರ್ಗಾವಣೆಯ ಚಿಂತೆ. "ಅಪ್ಪಾ, ನೀವೇ ಅವನಿಗೊಂದು ಮಾತು ಹೇಳಿ" ಎಂದಳು. ಬೇಡ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ, ಮಗಾ. ಸೇರು ಎಂದು ತಳ್ಳುವುದಕ್ಕೂ ಮನಸ್ಸಿಲ್ಲ. ಮೂವತ್ತೈದು ವರ್ಷ ಆ ಕೆಲಸ ಮಾಡಿದವನು ಕಂಡದ್ದನ್ನು ಬರೆಯುತ್ತೇನೆ. ಸಾವಕಾಶವಾಗಿ ಓದು.

ಅಮ್ಮನ ಚಿಂತೆ ಸುಳ್ಳಲ್ಲ. ಸಂಬಳ ಚಿಕ್ಕದು. ಒಂದು ಊರಿನ ನೀರು ಮೈಗೆ ಹಿಡಿಯುವಷ್ಟರಲ್ಲಿ ಇನ್ನೊಂದು ಊರಿಗೆ ವರ್ಗವಾಗುತ್ತದೆ. ನಿನ್ನ ಅಮ್ಮ ಹತ್ತನೇ ಕ್ಲಾಸು ಮುಗಿಸುವಾಗ ನಾಲ್ಕನೇ ಶಾಲೆಯಲ್ಲಿದ್ದಳು. ಹಬ್ಬದ ದಿನ ಊರೆಲ್ಲ ಮನೆಯಲ್ಲಿದ್ದರೆ ನೀನು ಮನೆಯಲ್ಲಿ ಇರುವುದಿಲ್ಲ. ದೀಕ್ಷಾಸ್ನಾನ, ದೃಢೀಕರಣದ ಪಾಠ, ಮದುವೆ, ಕರ್ತನ ಭೋಜನ, ಸಮಾಧಿ, ಸಭೆಯ ಲೆಕ್ಕಪತ್ರ, ಹಿರಿಯರೊಳಗಿನ ಮನಸ್ತಾಪ, ಎಲ್ಲವೂ ನಿನ್ನ ಬಾಗಿಲಿಗೇ ಬರುತ್ತವೆ. ಇಷ್ಟನ್ನು ಅರಿತವನಿಗೆ ನಾನು ಹೇಳಬೇಕಾದದ್ದು ಒಂದೇ: ಈ ಕೆಲಸ ನಡೆಯುವುದು ಬಾಯಿಯಿಂದ ಎಂದು ಜನ ತಿಳಿದಿದ್ದಾರೆ, ನಡೆಯುವುದು ಕಿವಿಯಿಂದ.

ನನಗೆ ಇದು ತಡವಾಗಿ ತಿಳಿಯಿತು. ನನ್ನ ಮೊದಲ ಸಭೆಯಲ್ಲಿ ಒಬ್ಬರು ತಿಂಗಳುಗಟ್ಟಲೆ ಆರಾಧನೆಗೆ ಬಂದಿರಲಿಲ್ಲ. ಒಂದು ಭಾನುವಾರ ಪ್ರಸಂಗದಲ್ಲಿ, ಹೆಸರೆತ್ತದೆ, ಆರಾಧನೆ ತಪ್ಪಿಸುವವರ ಬಗ್ಗೆ ಬಿಸಿಯಾಗಿ ಮಾತಾಡಿದೆ. ಊರಿಗೆಲ್ಲ ಅರ್ಥವಾಯಿತು. ಆ ವಾರ ಅವರ ಮನೆಗೆ ಹೋದೆ. ಹೆಂಡತಿ ಹಾಸಿಗೆ ಹಿಡಿದು ಎಂಟು ತಿಂಗಳಾಗಿತ್ತು. ಅವರೇ ಬಾವಿಯಿಂದ ನೀರು ಸೇದಿ, ಗಂಜಿ ಬೇಯಿಸಿ, ಅವಳನ್ನು ಮಗ್ಗುಲು ಬದಲಿಸಿ ಮಲಗಿಸುತ್ತಿದ್ದರು. ನನ್ನನ್ನು ಕಂಡು ಕೋಪ ಮಾಡಲಿಲ್ಲ. "ಬನ್ನಿ ಅಯ್ಯಾ" ಎಂದು ಚಾಪೆ ಹಾಕಿದರು. ಆ ಚಾಪೆಯ ಮೇಲೆ ಕೂತಾಗ ಆದ ನಾಚಿಕೆ ಇವತ್ತಿಗೂ ಆರಿಲ್ಲ. ಆ ಮನೆಯ ಮೆಟ್ಟಿಲು ಹತ್ತದೆ ನಾನು ಪ್ರಸಂಗಪೀಠ ಹತ್ತಿದ್ದೆ. ಅಂದಿನಿಂದ, ವಾರದಲ್ಲಿ ಐದಾರು ಮನೆಗಾದರೂ ಹೋಗದೆ ಭಾನುವಾರದ ಪ್ರಸಂಗ ಬರೆಯಬಾರದೆಂದು ನಿಯಮ ಮಾಡಿಕೊಂಡೆ.

ಇದು ನನ್ನೊಬ್ಬನ ಅನುಭವವಲ್ಲ. ನಮ್ಮ ಪರಂಪರೆಯ ಬೇರಿನಲ್ಲೇ ಇದೆ. ಮಾರ್ಟಿನ್ ಲೂಥರ್ ಎಂದರೆ ವಿಟೆನ್‌ಬರ್ಗಿನ ಬಾಗಿಲು, 1517, ತೊಂಬತ್ತೈದು ವಾದಗಳು ಎಂದು ನೀನು ಓದಿದ್ದೀಯ. ಆ ನಂತರದ್ದನ್ನೂ ಓದು. 1527ರಲ್ಲಿ ವಿಟೆನ್‌ಬರ್ಗಿಗೆ ಪ್ಲೇಗು ಬಂದು ವಿಶ್ವವಿದ್ಯಾನಿಲಯವೇ ಬೇರೆ ಊರಿಗೆ ಹೋದಾಗ ಆತ ಊರು ಬಿಡಲಿಲ್ಲ. ರೋಗಿಗಳನ್ನು ತನ್ನ ಮನೆಯಲ್ಲೇ ಇಟ್ಟುಕೊಂಡ. ಮರುವರ್ಷ ಸ್ಯಾಕ್ಸನಿಯ ಸಭೆಗಳನ್ನು ನೋಡಿ ಬರಲು ಹೊರಟ. ಹಳ್ಳಿಯ ಜನಕ್ಕೆ ಹತ್ತು ಆಜ್ಞೆಗಳೂ, ಕರ್ತನು ಕಲಿಸಿದ ಪ್ರಾರ್ಥನೆಯೂ ಬಾರದೆಂದು ಅಲ್ಲಿ ಕಣ್ಣಾರೆ ಕಂಡು, 1529ರಲ್ಲಿ ಮನೆಯ ಯಜಮಾನ ಮಕ್ಕಳಿಗೆ ಹೇಳಿಕೊಡಬಹುದಾದ ಪುಟ್ಟ ಪ್ರಶ್ನೋತ್ತರ ಪುಸ್ತಕವನ್ನು ಬರೆದ. ಬೈಬಲನ್ನು ಜರ್ಮನ್ ಭಾಷೆಗೆ ತರುವಾಗಲೂ, ಮನೆಯ ತಾಯಿ, ಬೀದಿಯ ಮಕ್ಕಳು, ಸಂತೆಯ ಸಾಮಾನ್ಯ ಮನುಷ್ಯ ಹೇಗೆ ಮಾತಾಡುತ್ತಾರೆಂದು ಕೇಳಿ ಬರೆಯಬೇಕು ಎಂಬುದು ಆತನ ಕ್ರಮ. ದೊಡ್ಡ ಪಂಡಿತ, ಆದರೂ ಕೇಳಿಸಿಕೊಂಡೇ ಬರೆದ.

ಆ ಕ್ರಮ ನಮ್ಮ ಜಿಲ್ಲೆಗೂ ಬಂತು. 1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಬಾಸೆಲ್ ಮಿಶನ್ನಿನಲ್ಲಿ ಲೂಥರನ್ನರೂ ರಿಫಾರ್ಮ್ಡ್ ಸಭೆಯವರೂ ಕೂಡಿ ದುಡಿದರು. ಇಲ್ಲಿಗೆ ಬಂದವರಲ್ಲಿ ಬಹಳ ಮಂದಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. 1834ರ ಅಕ್ಟೋಬರಿನಲ್ಲಿ ಹೆಬಿಕ್, ಲೇನರ್, ಗ್ರೈನರ್ ಮೂವರು ಮಂಗಳೂರಿಗೆ ಬಂದರು. ಇಲ್ಲಿಯ ಮನೆಗಳ ಮಾತು ತುಳು ಎಂದು ಕಂಡ ಗ್ರೈನರ್ ತುಳು ಕಲಿತರು. 1847ರಲ್ಲಿ ತುಳುವಿನ ಹೊಸ ಒಡಂಬಡಿಕೆ ಕನ್ನಡ ಲಿಪಿಯಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಫರ್ಡಿನಾಂಡ್ ಕಿಟೆಲ್ ಉತ್ತರ ಜರ್ಮನಿಯ ಒಬ್ಬ ಲೂಥರನ್ ಸಭಾಪಾಲಕರ ಮಗ. 1853ರಲ್ಲಿ ಬಂದವರು ಪಂಡಿತರನ್ನೂ ಹಳೆಯ ಕಾವ್ಯಗಳನ್ನೂ ಜನರ ಗಾದೆಗಳನ್ನೂ ಬಿಡದೆ ಕೇಳಿ, ಸುಮಾರು 70,000 ಶಬ್ದಗಳ ನಿಘಂಟನ್ನು 1894ರಲ್ಲಿ ನಮ್ಮ ಕೈಗೆ ಕೊಟ್ಟರು.

ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮಿಶನರಿಗಳನ್ನು ಸರಕಾರ ಹೊರಗೆ ಕಳಿಸಿದಾಗ ಸಭೆಗಳನ್ನು ಹಿಡಿದು ನಿಲ್ಲಿಸಿದವರು ಇದೇ ಮಣ್ಣಿನ ಸಭಾಪಾಲಕರು, ಸಭಾ ಹಿರಿಯರು. ಅವರಲ್ಲಿ ಹೆಚ್ಚಿನವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಹೆಸರು ಉಳಿದವರಲ್ಲಿ ಒಬ್ಬರನ್ನು ನೀನು ಓದಲೇಬೇಕು: ಉತ್ತಂಗಿ ಚೆನ್ನಪ್ಪನವರು. 1881ರಲ್ಲಿ ಹುಟ್ಟಿ, ಮಂಗಳೂರಿನಲ್ಲಿ ದೇವಶಾಸ್ತ್ರ ಕಲಿತು, ಧಾರವಾಡ ಸೀಮೆಯಲ್ಲಿ ಸಭಾಪಾಲಕರಾದರು. ಹಳ್ಳಿಹಳ್ಳಿ ತಿರುಗುವಾಗ ಜನರ ನಾಲಗೆಯ ಮೇಲಿದ್ದ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ನಾಡು ಅವರನ್ನೇ ಅಧ್ಯಕ್ಷರನ್ನಾಗಿ ಕೂರಿಸಿತು. ಸುವಾರ್ತೆ ಹೇಳಲು ಹೋದವರು ಎದುರಿನವರ ಮಾತನ್ನೂ ಅಷ್ಟೇ ಭಕ್ತಿಯಿಂದ ಕೇಳಿಸಿಕೊಂಡರು. ಅದಕ್ಕೇ ಕನ್ನಡಿಗರು ಅವರನ್ನು ತಮ್ಮವರೆಂದರು.

ಕೇಳಿಸಿಕೊಳ್ಳುವುದೆಂದರೆ ಪುಸ್ತಕದ ಕೆಲಸವೇ ಆಗಬೇಕೆಂದಿಲ್ಲ. ಬೀಡಿ ಕಟ್ಟಿ ಬದುಕಿದ ಒಬ್ಬ ಅಜ್ಜಿಯ ಕೊನೆಯ ರಾತ್ರಿ ಕರೆ ಬಂತು. ನಾನು ಪುಸ್ತಕ ತೆರೆದು ಗ್ರಾಂಥಿಕ ಕನ್ನಡದಲ್ಲಿ ಪ್ರಾರ್ಥಿಸಿದೆ. ಅವರು ಕಣ್ಣು ತೆರೆಯಲಿಲ್ಲ. ಮಗಳು ಮೆಲ್ಲನೆ, "ತುಳುಟು ಪನ್ಲೆ" ಎಂದಳು. ಪುಸ್ತಕ ಮುಚ್ಚಿದೆ, ಚಿಕ್ಕಂದಿನಲ್ಲಿ ನನ್ನ ತಾಯಿ ಆಡುತ್ತಿದ್ದ ತುಳುವಿನಲ್ಲಿ ಪ್ರಾರ್ಥಿಸಿದೆ. ಅಜ್ಜಿಯ ತುಟಿ ಅಲುಗಿತು. ಆ ಮನೆಗೆ ದೇವರು ಬರುವ ಭಾಷೆ ಯಾವುದೆಂದು ಮಗಳಿಗೆ ಗೊತ್ತಿತ್ತು, ನಾನು ಕೇಳಿರಲಿಲ್ಲ.

ನೀನು ರಜೆಗೆ ಬಂದಾಗ ನೋಡಿದ್ದೀಯ, ನಮ್ಮ ಈಶ್ವರಮಂಗಲದ ಪೇಟೆಯಲ್ಲಿ ಒಂದು ಅಂಗಡಿಯ ಮುಂದೆ ನಿಂತರೆ ತುಳು, ಕನ್ನಡ, ಹವ್ಯಕ, ಬ್ಯಾರಿ, ಮಲೆಯಾಳ ಎಲ್ಲ ಕಿವಿಗೆ ಬೀಳುತ್ತವೆ. ಗಾಳಿಮುಖ ದಾಟಿದರೆ ಕೇರಳ. ಹನುಮಗಿರಿಗೆ ಹೋಗುವವರು, ಮಸೀದಿಗೆ ಹೋಗುವವರು, ಭಾನುವಾರ ಆರಾಧನೆಗೆ ಹೊರಟ ನಾನು, ಎಲ್ಲ ಒಂದೇ ಬಸ್ಸಿಗೆ ಕಾಯುತ್ತೇವೆ. ನೆರೆಮನೆಯ ಭಟ್ಟರ ತಾಯಿ ತೀರಿಕೊಂಡಾಗ ನಾನು ಅವರ ಅಂಗಳದಲ್ಲಿ ಸುಮ್ಮನೆ ಕೂತು ಬಂದೆ. ಉಪದೇಶದ ಹೊತ್ತು ಅದಾಗಿರಲಿಲ್ಲ. ನಿನ್ನ ಅಜ್ಜಿ ತೀರಿಕೊಂಡ ದಿನ ಭಟ್ಟರು ಬಂದು ಅದೇ ರೀತಿ ಕೂತರು. ಸಭೆಯ ಪಟ್ಟಿಯಲ್ಲಿ ಹೆಸರಿಲ್ಲದವರ ದುಃಖವೂ ಸಭಾಪಾಲಕನಿಗೆ ಸೇರಿದ್ದು, ಇದನ್ನು ಮರೆಯಬೇಡ.

ಕಾಲೇಜಿನಲ್ಲಿ ಗ್ರೀಕ್, ಹೀಬ್ರೂ ಕಲಿಸುತ್ತಾರೆ. ಶ್ರದ್ಧೆಯಿಂದ ಕಲಿ, ಅರೆಬರೆ ಓದಿದವನ ಪ್ರಸಂಗ ಬಹಳ ದಿನ ಬಾಳುವುದಿಲ್ಲ. ಕಾಣಿಕೆಯ ಲೆಕ್ಕ ಯಾವ ಹೊತ್ತಿಗೂ ತೆರೆದು ತೋರಿಸುವಂತಿರಲಿ. ಒಬ್ಬರು ಕಣ್ಣೀರಿನಲ್ಲಿ ಹೇಳಿದ್ದು ನಿನ್ನ ಎದೆಯಲ್ಲೇ ಮಣ್ಣಾಗಲಿ. ಪ್ರಸಂಗಕ್ಕೆ ದೃಷ್ಟಾಂತವಾಗಿ ಬರಬಾರದು. ಸಭೆಯಲ್ಲಿ ಎರಡು ಪಕ್ಷವಾದರೆ ಎರಡೂ ಮನೆಯಲ್ಲಿ ಊಟ ಮಾಡು. ಮುಂದೆ ಮದುವೆಯಾದರೆ ನಿನ್ನ ಹೆಂಡತಿಯ ಮಾತಿಗೆ ಮೊದಲು ಕಿವಿ ಕೊಡು. ಊರವರ ಗೋಳನ್ನೆಲ್ಲ ಕೇಳಿ ಮನೆಗೆ ಬಂದು ನಾನು ಕಿವುಡನಾದ ದಿನಗಳಿದ್ದವು. ನಿನ್ನ ಅಜ್ಜಿ ಅದನ್ನು ಸಹಿಸಿದಳು; ಸಹಿಸಬೇಕಾದ ಹಾಗೆ ನಾನು ಮಾಡಬಾರದಿತ್ತು.

ಈಗ ನನ್ನ ಕೋರಿಕೆ. ಅರ್ಜಿ ಹಾಕುವ ಮೊದಲು ಒಂದು ತಿಂಗಳು ನಿಮ್ಮ ಸಭಾಪಾಲಕರ ಅನುಮತಿ ಕೇಳಿ ಅವರ ಜೊತೆ ಮನೆಮನೆಗೆ ಹೋಗು. ನೀನು ಮಾತಾಡಬೇಡ. ಆಸ್ಪತ್ರೆಯ ವಾರ್ಡಿನಲ್ಲಿ ನಿಲ್ಲು, ವಯಸ್ಸಾದವರ ಮಂಚದ ಹತ್ತಿರ ಕೂರು, ಒಂದೇ ಕಥೆಯನ್ನು ಮೂರನೇ ಸಲ ಹೇಳಿದರೂ ಕೇಳು. ತಿಂಗಳು ಕಳೆದ ಮೇಲೆ ಬೇಸರ ಬಂದಿದ್ದರೆ ನಾಚಬೇಡ. ದೇವರ ಸೇವೆಗೆ ಬೇರೆ ಕೆಲಸಗಳೂ ಇವೆ, ಅಜ್ಜನ ಪ್ರೀತಿ ಕಡಿಮೆಯಾಗುವುದಿಲ್ಲ. ಇನ್ನೂ ಕೇಳಬೇಕು ಎಂದು ಅನಿಸಿದರೆ ಅರ್ಜಿ ಹಾಕು. ಅಮ್ಮನ ಹತ್ತಿರ ನಾನು ಮಾತಾಡುತ್ತೇನೆ.

ಕರ್ತನು ನಿನ್ನನ್ನು ಕಾಯಲಿ.

ಇಂತಿ,
ನಿನ್ನ ಅಜ್ಜ