ಪ್ಲಗ್ ಕಿತ್ತ ಮೇಲೂ ಹುಷಾರು

1940ರ ದಶಕದ ಕೊನೆಗೆ ಫಿಲಿಪ್ಸ್ ತಂದ ಪ್ರೊಟೆಲ್‌ಗ್ರಾಮ್ ಪ್ರೊಜೆಕ್ಷನ್ ಟೀವಿಯೊಂದು ನಿಮ್ಮ ಕೈಗೆ ಸಿಕ್ಕಿದೆ ಅಂದುಕೊಳ್ಳಿ. ಎರಡೂವರೆ ಇಂಚಿನ ಟ್ಯೂಬಿನ ಚಿತ್ರವನ್ನು ಕನ್ನಡಿಗಳಿಂದ ಹಿಗ್ಗಿಸಿ ಪರದೆ ತುಂಬಿಸುವ ಚೆಂದದ ಯಂತ್ರ, ಉಳಿಸಿಕೊಳ್ಳಲೇಬೇಕಾದದ್ದು. ಆದರೆ ಆ ಹೊಳಪಿಗೆ ಸುಮಾರು 25,000 ವೋಲ್ಟ್ ಬೇಕು. ಉತ್ಸಾಹದಲ್ಲಿ ಪ್ಲಗ್ ಚುಚ್ಚಿಬಿಡಬೇಡಿ, ಮೊದಲು ಹಳೆಯ ಕೆಪಾಸಿಟರ್‌ಗಳನ್ನು ಬದಲಿಸಿ.

ಪ್ಲಗ್ ಕಿತ್ತರೂ ಒಳಗೆ ಚಾರ್ಜ್ ಉಳಿದಿರುತ್ತದೆ. ಹೈವೋಲ್ಟೇಜಿಗೆಂದೇ ಮಾಡಿದ, ರೆಸಿಸ್ಟರ್ ಇರುವ ಡಿಸ್ಚಾರ್ಜ್ ಕೋಲಿನ ಕ್ಲಿಪ್ಪನ್ನು ಮೊದಲು ಚಾಸಿಗೆ ಸಿಕ್ಕಿಸಿ, ಆಮೇಲೆ ಕೋಲನ್ನು ಟ್ಯೂಬಿನ ಹೈವೋಲ್ಟೇಜ್ ತುದಿಯಾದ ಆನೋಡಿಗೆ ತಾಗಿಸಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ತಾಗಿಸಿ. ಖಾಲಿಯಾಯಿತೆಂದುಕೊಂಡ ಕೆಪಾಸಿಟರಿನಲ್ಲಿ ಚಾರ್ಜ್ ಮರಳಿ ಏರುವುದುಂಟು. ಉಂಗುರ, ವಾಚು ಬಿಚ್ಚಿಡಿ. ಒಬ್ಬರೇ ಇರುವಾಗ ಈ ಕೆಲಸ ಬೇಡವೇ ಬೇಡ. ಮೇನ್ ಸ್ವಿಚ್ ಆರಿಸಬಲ್ಲವರು ಹತ್ತಿರವೇ ಇರಲಿ. ಅಭ್ಯಾಸವಿಲ್ಲದಿದ್ದರೆ ಬಲ್ಲ ಮೆಕ್ಯಾನಿಕ್ ಜೊತೆ ಕೂತು ಕಲಿಯಿರಿ.

ಟ್ಯೂಬನ್ನು ಅದರ ಲೋಹದ ಪೆಟ್ಟಿಗೆಯಿಂದ ಹೊರಗಿಟ್ಟು ಉರಿಸಬೇಡಿ. ಇಷ್ಟು ವೋಲ್ಟೇಜಿನಲ್ಲಿ ಎಕ್ಸ್-ರೇ ಹೊಮ್ಮುತ್ತದೆ. ಕನ್ನಡಿಯನ್ನು ಬಟ್ಟೆಯಿಂದ ಉಜ್ಜಲೂಬೇಡಿ. ಅದರ ಲೇಪ ಗಾಜಿನ ಮುಂಬದಿಯಲ್ಲೇ ಇದೆ, ಉಜ್ಜಿದರೆ ಕಿತ್ತು ಬರುತ್ತದೆ. ಧೂಳನ್ನು ರಬ್ಬರ್ ಬಲ್ಬಿನಿಂದ ಊದಿ ತೆಗೆದರೆ ಸಾಕು.