ಮನೆಯ ಹಬ್ಬ ಬಿಡಬೇಡಿ

ಜಗಳೂರು ಕಡೆಯಿಂದ ಹೋಗಿ ಪರದೇಶದಲ್ಲಿ ನೆಲೆ ನಿಂತ ಮಕ್ಕಳೇ, ನಿಮಗೊಂದು ಮಾತು. ಕನ್ನಡ ಕೂಟದ ಹಾಲ್‌ನಲ್ಲಿ ಶನಿವಾರ ಯುಗಾದಿ ಆಗುತ್ತದಲ್ಲ ಎಂದು ಮನೆಯ ಹಬ್ಬವನ್ನೇ ಕೈಬಿಡಬೇಡಿ. ಕೂಟಗಳು ಬೇಕು, 1998ರಲ್ಲಿ ಶುರುವಾದ ‘ಅಕ್ಕ’ದಂಥ ಒಕ್ಕೂಟ ಅಮೆರಿಕದ ಕನ್ನಡಿಗರನ್ನು ಒಂದುಗೂಡಿಸಿದೆ. ಆದರೆ ಅಲ್ಲಿ ಮಗು ಕುರ್ಚಿಯಲ್ಲಿ ಕೂತು ನೋಡುತ್ತದೆ, ಅಷ್ಟೇ.

ಹಬ್ಬದ ದಿನ ಆಫೀಸಿದ್ದರೂ ಬೇವುಬೆಲ್ಲ ಕೊಟ್ಟೇ ಸ್ಕೂಲಿಗೆ ಕಳಿಸಿ. ಹೋಳಿಗೆ ಬೇಕಾದರೆ ಶನಿವಾರ ತಟ್ಟಿ. ಊರಿಂದ ಹಸಿ ಬೇವಿನ ಸೊಪ್ಪು ಒಯ್ಯಬೇಡಿ. ಅಮೆರಿಕದ ವಿಮಾನ ನಿಲ್ದಾಣದಲ್ಲಿ ಸಸ್ಯಗಳ ವಿಷಯ ಮೊದಲೇ ತಿಳಿಸಬೇಕು, ಮುಚ್ಚಿಟ್ಟರೆ ದಂಡ.

ಯುಗಾದಿಯ ಮಾರನೆಯ ಸಂಜೆ ಚಂದ್ರನನ್ನು ನೋಡಿ ಹಿರಿಯರ ಕಾಲಿಗೆ ಬೀಳುತ್ತೇವಲ್ಲ, ಅದನ್ನಂತೂ ತಪ್ಪಿಸಬೇಡಿ. ಇಲ್ಲಿಯ ಕ್ಯಾಲೆಂಡರ್ ನಂಬಿ ಕೂತರೆ ಮೋಸ ಹೋಗುತ್ತೀರಿ. ಅಮೆರಿಕದಲ್ಲಿ ಸಂಜೆಯಾಗುವುದು ನಮಗಿಂತ ಎಷ್ಟೋ ಗಂಟೆ ತಡ. ಅಷ್ಟರಲ್ಲಿ ಚಂದ್ರ ಬಲಿತಿರುತ್ತಾನೆ, ಕೆಲವು ವರ್ಷ ಒಂದು ದಿನ ಮೊದಲೇ ಕಾಣುತ್ತಾನೆ. ಹೊತ್ತು ಮುಳುಗಿದ ಅರ್ಧ ಗಂಟೆಗೆ ಪಡುವಣದ ಅಂಚಿನಲ್ಲಿ ಹುಡುಕಿ. ಉಗುರಿನ ಗೆರೆಯಷ್ಟಿರುತ್ತಾನೆ, ಮಕ್ಕಳ ಕಣ್ಣಿಗೇ ಮೊದಲು ಬೀಳಲಿ. ಇಲ್ಲಿ ಆಗ ಬೆಳಗಿನ ಹೊತ್ತು, ಅಜ್ಜಿಗೆ ಫೋನ್ ಮಾಡಿಸಿ.

ಮನೆಯಲ್ಲಿ ತೆಲುಗಾಡುವವರೇ, ನಿಮ್ಮ ಆರು ರುಚಿಯ ಪಚ್ಚಡಿಯನ್ನೇ ಮಾಡಿ. ಬೇರೆಯವರು ಬೇವುಬೆಲ್ಲ ಮಾಡುತ್ತಾರೆಂದು ಬದಲಿಸಬೇಡಿ.

ಸೀಗೆ ಹುಣ್ಣಿಮೆಗೆ ಹೊಲವಿಲ್ಲವೆಂದು ಸುಮ್ಮನಾಗಬೇಡಿ. ಹಿತ್ತಲ ಟೊಮೆಟೊ ಗಿಡದ ಬುಡಕ್ಕೇ ಭೂಮಿತಾಯಿಯ ಎಡೆ, ಚರಗ ಚೆಲ್ಲಿ. ಈ ದಿನಗಳನ್ನು ವರ್ಷದ ಮೊದಲೇ ಫೋನಿನಲ್ಲಿ ಗುರುತು ಹಾಕಿ, ಅರ್ಧ ದಿನದ ರಜೆ ಈಗಲೇ ಕೇಳಿಡಿ.